ಗಾಳಿ ತೆಳು, ದಾರಿ ದೂರ: ಚಾಂಗ್‌ಥಾಂಗ್ ಸರೋವರಗಳ ಸೈಕಲ್ ಪ್ರಶ್ನೋತ್ತರ

ಲಡಾಖ್‌ನ ಆಗ್ನೇಯಕ್ಕಿರುವ ಚಾಂಗ್‌ಥಾಂಗ್ ಪ್ರಸ್ಥಭೂಮಿಗೆ ಮೌಂಟನ್ ಬೈಕ್ ಒಯ್ಯುವ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಒಂದೇ ವಿಷಯ ಹಲವರು ಕೇಳಿದ್ದರೆ ಒಬ್ಬರ ಪತ್ರ ಸಾಕೆಂದು ಬಿಟ್ಟಿದ್ದೇನೆ. ಎಷ್ಟು ದಿನದಲ್ಲಿ ಮುಗಿಸಬಹುದು ಎಂದು ಕೇಳಿದವರೇ ಹೆಚ್ಚು; ಎಷ್ಟು ದಿನ ಕೊಡಬೇಕು ಎಂದು ಕೇಳಿದವರು ತೀರಾ ಕಡಿಮೆ. ನನ್ನ ಉತ್ತರಗಳು ಮಾತ್ರ ಎರಡನೆಯ ಪ್ರಶ್ನೆಗೇ ಸೇರಿದವು.

ಪ್ರಶ್ನೆ: ನನಗೆ 46 ವರ್ಷ. ವಾರಾಂತ್ಯಗಳಲ್ಲಿ ಹೊಲದ ದಾರಿ, ಗುಡ್ಡದ ದಾರಿ ಹಿಡಿದು ಮೌಂಟನ್ ಬೈಕ್ ಓಡಿಸುತ್ತೇನೆ. ಎರಡು ವಾರದ ರಜೆ ಸಿಗುತ್ತದೆ. ತ್ಸೊ ಮೊರಿರಿ, ತ್ಸೊ ಕಾರ್, ಪಾಂಗಾಂಗ್ ಮೂರನ್ನೂ ಒಂದೇ ಸುತ್ತಿನಲ್ಲಿ ನೋಡುವ ಆಸೆ. ಯಾವ ದಾರಿ ಹಿಡಿಯಲಿ?
– ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉತ್ತರ: ಮೂರರಲ್ಲಿ ಒಂದನ್ನು ಬಿಡಿ, ಸ್ವಾಮಿ. ಬಿಡಬೇಕಾದದ್ದು ಪಾಂಗಾಂಗ್. ಉದ್ದ ಸುಮಾರು 134 ಕಿ.ಮೀ., ಸೊಗಸಿನಲ್ಲಿ ಯಾವುದಕ್ಕೂ ಕಡಿಮೆಯಿಲ್ಲ. ಆದರೆ 2009ರ ‘ತ್ರೀ ಈಡಿಯಟ್ಸ್’ ಚಿತ್ರದ ಕೊನೆಯ ದೃಶ್ಯ ಅಲ್ಲಿ ಚಿತ್ರೀಕರಣವಾದ ಮೇಲೆ ಲುಕುಂಗ್, ಸ್ಪಾಂಗ್ಮಿಕ್ ಕಡೆಯ ದಡದಲ್ಲಿ ಟ್ಯಾಕ್ಸಿಗಳದ್ದೇ ಸಂತೆ. ಹಳದಿ ಸ್ಕೂಟರ್ ಮೇಲೆ ಕೂತು ಫೋಟೊ ತೆಗೆಸಿಕೊಳ್ಳಲು ಜನ ಸಾಲು ನಿಲ್ಲುತ್ತಾರೆ. ಆ ದಾರಿಯಲ್ಲಿ 5,300 ಮೀಟರ್ ಮೀರಿದ ಚಾಂಗ್ ಲಾ ಘಾಟಿಯನ್ನು ಟ್ಯಾಕ್ಸಿಗಳ ಹೊಗೆ ಕುಡಿಯುತ್ತಾ ಹತ್ತಬೇಕು. ಸೈಕಲ್ಲಿನವರಿಗೆ ಅದರಲ್ಲಿ ಸುಖವಿಲ್ಲ.

ತ್ಸೊ ಮೊರಿರಿ ಮತ್ತು ತ್ಸೊ ಕಾರ್ ಎರಡನ್ನೂ ಸೇರಿಸಿದ ಸುತ್ತು ಸುಮಾರು 450 ಕಿ.ಮೀ. ಲೇಹ್‌ನಿಂದ ಸಿಂಧೂ ನದಿಯ ದಂಡೆ ಹಿಡಿದು ಉಪ್ಶಿ, ಚುಮಾಥಾಂಗ್, ಮಾಹೆ. ಅಲ್ಲಿ ಸೇತುವೆ ದಾಟಿ ಸುಮ್ದೊ. ಅಲ್ಲಿಂದ ನಮಶಾಂಗ್ ಲಾ ಹತ್ತಿಳಿದು, ಪುಟ್ಟ ಕಿಯಾಗರ್ ತ್ಸೊ ಸರೋವರವನ್ನು ಬಳಸಿ ತ್ಸೊ ಮೊರಿರಿ ದಡದ ಕೊರ್ಜೋಕ್ ಹಳ್ಳಿ. ಮತ್ತೆ ಸುಮ್ದೊಗೆ ಹಿಂದಿರುಗಿ ಪುಗಾ ಕಣಿವೆಯ ಬಿಸಿನೀರಿನ ಬುಗ್ಗೆಗಳ ಪಕ್ಕದಿಂದ ಪೊಲೊ ಕೊಂಗ್ಕಾ ಲಾ ದಾಟಿದರೆ ತ್ಸೊ ಕಾರ್. ಅಲ್ಲಿಂದ ಪಡುವಣಕ್ಕೆ ಹೋದರೆ ಡೆಬ್ರಿಂಗ್ ಹತ್ತಿರ ಮನಾಲಿ–ಲೇಹ್ ಹೆದ್ದಾರಿ ಸಿಗುತ್ತದೆ. ತಾಂಗ್ಲಾಂಗ್ ಲಾ ಹತ್ತಿ, ರುಮ್‌ತ್ಸೆಗೆ ಇಳಿದು, ಉಪ್ಶಿಯಲ್ಲಿ ಹಳೆಯ ದಾರಿ ಸೇರಿ ಲೇಹ್.

ಈ ಸುತ್ತನ್ನು ತಿರುವು ಮುರುವು ಮಾಡಬೇಡಿ. ಲೇಹ್ 3,500 ಮೀಟರ್ ಎತ್ತರದಲ್ಲಿದೆ, ಉಪ್ಶಿ ಅದಕ್ಕಿಂತ ಸ್ವಲ್ಪ ತಗ್ಗಿನಲ್ಲಿ. ಚುಮಾಥಾಂಗ್ ಹತ್ತಿರ ಹತ್ತಿರ 4,000, ಮಾಹೆ, ಸುಮ್ದೊ ಅದರ ಮೇಲೆ, ಕೊರ್ಜೋಕ್ 4,500 ಮೀರಿದ್ದು. ನದಿ ನಿಮ್ಮನ್ನು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಒಯ್ಯುತ್ತದೆ, ರಾತ್ರಿಗಳೂ ಹಾಗೇ ಏರುತ್ತವೆ. ಎದುರು ದಿಕ್ಕಿನಲ್ಲಿ ಹೊರಟರೆ ಶುರುವಿನಲ್ಲೇ 5,328 ಮೀಟರಿನ ತಾಂಗ್ಲಾಂಗ್ ಲಾ. ಅದೂ ರುಮ್‌ತ್ಸೆ ಕಡೆಯಿಂದ ಸಾವಿರ ಮೀಟರಿಗೂ ಮೀರಿದ ಏರು. ಡೆಬ್ರಿಂಗ್ ಕಡೆಯಿಂದ ಬಂದರೆ ಅದೇ ಘಾಟಿ ಆರುನೂರು ಮೀಟರಿನ ಏರಿನಲ್ಲಿ ಮುಗಿಯುತ್ತದೆ. ಅಷ್ಟರಲ್ಲಿ ನಿಮ್ಮ ಮೈಯೂ ಆ ಗಾಳಿಗೆ ಹೊಂದಿಕೊಂಡಿರುತ್ತದೆ.

ಎರಡು ವಾರ ಸಾಕು, ಆದರೆ ಉಳಿಯುವುದಿಲ್ಲ. ಮೊದಲ ಮೂರು ದಿನ ಲೇಹ್‌ನಲ್ಲಿ. ಉಪ್ಶಿಯಿಂದ ಚುಮಾಥಾಂಗ್‌ವರೆಗಿನ ಸುಮಾರು 90 ಕಿ.ಮೀ. ಡಾಂಬರು ದಾರಿಯನ್ನು ಒಂದೇ ದಿನದಲ್ಲಿ ಹೊಡೆಯುವ ಹುಮ್ಮಸ್ಸು ಬೇಡ, ಎರಡು ಮಾಡಿ. ಕೊರ್ಜೋಕ್‌ನಲ್ಲಿ ಒಂದು ಇಡೀ ದಿನ, ತ್ಸೊ ಕಾರ್‌ನಲ್ಲಿ ಇನ್ನೊಂದು ದಿನ ಸೈಕಲ್ ಒರಗಿಸಿಡಿ. ಮಳೆ, ದಾರಿ ಬಂದ್, ಹೊಟ್ಟೆ ಕೆಡುವುದು, ಇವಕ್ಕೆ ಒಂದು ದಿನ ಕೈಯಲ್ಲಿರಲಿ. ಹೊರಡಲು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುಮಧ್ಯದವರೆಗಿನ ಹೊತ್ತು ನನಗೆ ಇಷ್ಟ. ಹೊಳೆಗಳಲ್ಲಿ ನೀರು ಇಳಿದಿರುತ್ತದೆ, ಆಕಾಶ ನಿಚ್ಚಳ. ರಾತ್ರಿ ನೀರಿನ ಬಾಟಲಿ ಹೆಪ್ಪುಗಟ್ಟುತ್ತದೆ, ಅಷ್ಟೇ.

ಪ್ರಶ್ನೆ: ನಾನು ರೇಸ್ ಸೈಕ್ಲಿಸ್ಟ್, 23 ವರ್ಷ. 100 ಕಿ.ಮೀ. ಮೂರು ತಾಸಿನಾಗ ಮುಗಿಸ್ತೀನಿ. ಗೆಳೆಯರು ಲೇಹ್‌ನ್ಯಾಗ ಮೂರು ದಿನ ಸುಮ್ನ ಕೂಡಬೇಕು ಅಂತಾರ. ನನ್ನಂಥವರಿಗೂ ಇದು ಬೇಕೇನು? ಬೇಕಂದ್ರ ಚಿಕ್ಕಮಗಳೂರಿಗೆ ಹೋಗಿ ಮುಳ್ಳಯ್ಯನಗಿರಿ ಹತ್ತಿ ತಯಾರಿ ಮಾಡ್ಕೊಂಡು ಹೋಗ್ತೀನಿ.
– ವಿಜಯಪುರ

ಉತ್ತರ: ತಮ್ಮಾ, ನಿಮ್ಮೂರಿನ ಸೈಕಲ್ ಕಾಲುಗಳ ಬಗ್ಗೆ ನನಗೆ ಅನುಮಾನವಿಲ್ಲ. ನಾಡಿಗೆ ಎಷ್ಟು ಸೈಕ್ಲಿಸ್ಟ್‌ಗಳನ್ನು ಕೊಟ್ಟ ಜಿಲ್ಲೆ ಅದು! ಆದರೆ ಇಲ್ಲಿ ಲೆಕ್ಕ ಕೇಳುವುದು ಕಾಲಲ್ಲ. 4,500 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 57ರಷ್ಟು. ಎದೆ ತುಂಬ ಉಸಿರೆಳೆದರೂ ಒಳಗೆ ಹೋಗುವ ಆಮ್ಲಜನಕ ಆ ಪ್ರಮಾಣಕ್ಕೇ ಇಳಿದಿರುತ್ತದೆ. 1,500 ಮೀಟರ್ ದಾಟಿದ ಮೇಲೆ ಪ್ರತಿ ಸಾವಿರ ಮೀಟರಿಗೆ ಮೈಯ ಗರಿಷ್ಠ ಸಾಮರ್ಥ್ಯ ಹತ್ತಿರ ಹತ್ತಿರ ಶೇ 10ರಷ್ಟು ಕುಗ್ಗುತ್ತದೆ. ಕೊರ್ಜೋಕ್ ಮುಟ್ಟುವಾಗ ನಿಮ್ಮ ಎಂಜಿನ್ನಿನ ಮೂರನೇ ಒಂದು ಭಾಗ ಬಂದ್ ಆಗಿದೆ ಎಂದುಕೊಳ್ಳಿ. ಎಷ್ಟು ತರಬೇತಿ ಮಾಡಿದ್ದರೂ ಅಷ್ಟೇ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಎತ್ತರದ ಕಾಯಿಲೆ ಬರುವುದಕ್ಕೂ ದೇಹದಾರ್ಢ್ಯಕ್ಕೂ ಸಂಬಂಧವಿಲ್ಲ. ಕಸರತ್ತು ಮಾಡಿದವರಿಗೂ ಮಾಡದವರಿಗೂ ಒಂದೇ ರೀತಿ ಬರುತ್ತದೆ. ನೋಡಿದರೆ ಗಟ್ಟಿಮುಟ್ಟು ಹುಡುಗರಿಗೇ ಅಪಾಯ ಜಾಸ್ತಿ, ಯಾಕೆಂದರೆ ಅವರು ಮೊದಲ ದಿನವೇ ಬೇಗ ಬೇಗ ಮೇಲೇರುತ್ತಾರೆ. ತಲೆನೋವನ್ನು ಯಾರಿಗೂ ಹೇಳುವುದಿಲ್ಲ, ಮರ್ಯಾದೆ ಪ್ರಶ್ನೆ! ಮುಳ್ಳಯ್ಯನಗಿರಿ ಕರ್ನಾಟಕದಲ್ಲಿ ಅತಿ ಎತ್ತರದ ಬೆಟ್ಟ ನಿಜ, ಆದರೆ ಅದರ ಎತ್ತರ 1,930 ಮೀಟರ್. ಅಲ್ಲಿ ಹತ್ತಿದರೆ ತೊಡೆ ಗಟ್ಟಿಯಾಗುತ್ತದೆ, ರಕ್ತ ಲಡಾಖ್‌ಗೆ ಒಗ್ಗುವುದಿಲ್ಲ. ಒಗ್ಗುವ ಕೆಲಸ ಎತ್ತರದಲ್ಲೇ ಆಗಬೇಕು. ಮೊದಲು ಉಸಿರಾಟ ಆಳವಾಗುತ್ತದೆ, ಮೂತ್ರಪಿಂಡ ರಕ್ತದ ಕ್ಷಾರವನ್ನು ಹೊರಹಾಕಿ ಆ ಆಳ ಉಸಿರಿಗೆ ಅನುವು ಮಾಡಿಕೊಡುತ್ತದೆ. ಹೊಸ ಕೆಂಪು ರಕ್ತಕಣಗಳು ತಯಾರಾಗುವುದು ವಾರಗಳ ಕೆಲಸ. ಇವು ಯಾವುದಕ್ಕೂ ಅಡ್ಡದಾರಿಯಿಲ್ಲ.

ಹಾಗೆಂದು ಮೂರು ದಿನ ಹಾಸಿಗೆ ಹಿಡಿಯಬೇಕಿಲ್ಲ. ಮೊದಲ ದಿನ ಪೂರ್ತಿ ವಿಶ್ರಾಂತಿ. ಎರಡನೇ ದಿನ ಪೇಟೆಯಲ್ಲಿ ಅಡ್ಡಾಡಿ, ಶಾಂತಿ ಸ್ತೂಪದವರೆಗೆ ನಡೆದು ಬನ್ನಿ. ಮೂರನೇ ದಿನ ಸಿಂಧೂ ದಂಡೆಯಲ್ಲಿ ಶೇ, ಥಿಕ್ಸೆ ಗೊಂಪಾಗಳ ತನಕ ಹಗುರಾಗಿ ಸೈಕಲ್ ಓಡಿಸಿ. ಲಡಾಖ್‌ನ ಗೆಲುಗ್ ಪಂಥದ ಎಷ್ಟೋ ಭಿಕ್ಷುಗಳು ನಮ್ಮ ಬೈಲಕುಪ್ಪೆ, ಮುಂಡಗೋಡಿನ ಮಠಗಳಲ್ಲಿ ಓದಿದವರು. ಥಿಕ್ಸೆಯಂಥ ಗೊಂಪಾದಲ್ಲಿ ಕನ್ನಡ ಮಾತಾಡಿ ನೋಡಿ, ಉತ್ತರ ಬಂದರೂ ಬರಬಹುದು. ಪೇಟೆಯಲ್ಲಿ ‘ಖರ್ದುಂಗ್ ಲಾ ಡೌನ್‌ಹಿಲ್’ ಎಂಬ ಬೋರ್ಡು ಕಾಣುತ್ತದೆ. ಜೀಪಿನಲ್ಲಿ ಮೇಲೆ ಬಿಟ್ಟು, ಸೈಕಲ್ಲಿನಲ್ಲಿ 1,800 ಮೀಟರ್ ಇಳಿಸುತ್ತಾರೆ. ಅಲ್ಲಿನ ಫಲಕದಲ್ಲಿ 18,380 ಅಡಿ ಎಂದಿದ್ದರೂ ಜಿಪಿಎಸ್ ಅಳತೆ 5,359 ಮೀಟರ್, ಎಂದರೆ ಸುಮಾರು 17,600 ಅಡಿ. ಅಷ್ಟಾದರೂ ಎರಡನೇ ದಿನಕ್ಕೆ ಅದು ವಿಪರೀತ ಎತ್ತರ. ಅದನ್ನು ಸುತ್ತು ಮುಗಿಸಿ ಬಂದ ಮೇಲೆ ಮಾಡಿ.

3,000 ಮೀಟರ್ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು ಎಂಬುದು ವೈದ್ಯರ ನಿಯಮ. ಹಗಲು ಎಷ್ಟು ಹತ್ತಿದಿರಿ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎನ್ನುವುದು ದೊಡ್ಡದು.

ಪ್ರಶ್ನೆ: ಮಗ ಇಬ್ಬರು ಗೆಳೆಯರ ಜೊತೆ ಹೊರಟಿದ್ದಾನೆ. ಡಯಾಮಾಕ್ಸ್ ಮಾತ್ರೆ ನುಂಗಿದರೆ ಏನೂ ಆಗೋದಿಲ್ಲ ಅಂತಾನೆ. ಹೌದಾ? ಫೋನಿಗೂ ಸಿಗೋದಿಲ್ವಂತೆ. ನನಗೆ ನಿದ್ದೆ ಬರ್ತಿಲ್ಲ.
– ಒಬ್ಬ ತಾಯಿ, ಮೈಸೂರು

ಉತ್ತರ: ಅಮ್ಮಾ, ಡಯಾಮಾಕ್ಸ್ ಮಾತ್ರೆಯ ಒಳಗಿರುವ ಔಷಧ ಅಸಿಟಜೋಲಮೈಡ್. ಎತ್ತರಕ್ಕೆ ಒಗ್ಗುವುದನ್ನು ಅದು ಬೇಗ ಮಾಡಿಸುತ್ತದೆ, ಒಗ್ಗುವ ಅಗತ್ಯವನ್ನು ತೆಗೆಯುವುದಿಲ್ಲ. ತಡೆಗಾಗಿ ವೈದ್ಯರು ಸಾಮಾನ್ಯವಾಗಿ ಹೇಳುವುದು 125 ಮಿ.ಗ್ರಾಂ. ದಿನಕ್ಕೆರಡು ಸಲ, ಎತ್ತರಕ್ಕೆ ಹೋಗುವ ಹಿಂದಿನ ದಿನದಿಂದ. ಬೆರಳ ತುದಿ ಜುಮುಗುಡುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ಸಲ್ಫಾ ಔಷಧ ಅವನಿಗೆ ಆಗದಿದ್ದರೆ ಡಾಕ್ಟರಿಗೆ ಮೊದಲೇ ಹೇಳಬೇಕು. ಒಟ್ಟಿನಲ್ಲಿ ನಿಮ್ಮ ಡಾಕ್ಟರನ್ನು ಕೇಳದೆ ಬೇಡ.

ಅವನಿಗೂ ಗೆಳೆಯರಿಗೂ ಈ ನಾಲ್ಕು ಮಾತು ಬರೆದುಕೊಡಿ. ತಲೆನೋವು, ವಾಕರಿಕೆ, ಊಟ ಸೇರದಿರುವುದು ಕಂಡರೆ ಮೇಲೆ ಹೋಗುವುದು ಬೇಡ, ಇದ್ದಲ್ಲೇ ನಿಲ್ಲಲಿ. ಸುಮ್ಮನೆ ಕೂತಾಗಲೂ ಏದುಸಿರು, ಗೊರಗೊರ ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ಸೇರುತ್ತಿದೆ ಎಂದರ್ಥ. ನಡಿಗೆ ತೂರಾಡಿದರೆ, ಮಾತು ಅಸಂಬದ್ಧವಾದರೆ ಮಿದುಳಿಗೆ ಬಾವು ಬಂದಿದೆ ಎಂದರ್ಥ. ಈ ಎರಡರಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆ ಕ್ಷಣವೇ ಸಿಕ್ಕ ಗಾಡಿಯಲ್ಲಿ ತಗ್ಗಿಗೆ ಇಳಿಸಬೇಕು, ಕಾಯಿಲೆಯವನನ್ನು ಒಬ್ಬನೇ ಕಳಿಸಬಾರದು. ದೊಡ್ಡ ಆಸ್ಪತ್ರೆ ಲೇಹ್‌ನಲ್ಲಿರುವ ಎಸ್‌ಎನ್‌ಎಂ. ತ್ಸೊ ಮೊರಿರಿಯಿಂದ ಅಲ್ಲಿಗೆ 200 ಕಿ.ಮೀ.ಗೂ ಹೆಚ್ಚು.

ಫೋನಿನ ವಿಷಯ: ಬೇರೆ ರಾಜ್ಯಗಳ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಮಾಡಿಸಿಕೊಂಡು ಹೋಗಲಿ. ಹಾಗಿದ್ದರೂ ಊರಿನಿಂದ ಊರಿಗೆ ಮಧ್ಯೆ ಸಿಗ್ನಲ್ ಇರುವುದಿಲ್ಲ. ಎರಡು ಮೂರು ದಿನ ಕರೆ ಬಾರದಿದ್ದರೆ ಗಾಬರಿಯಾಗಬೇಡಿ. ಯಾವ ರಾತ್ರಿ ಎಲ್ಲಿ ತಂಗುತ್ತಾರೆ ಎಂಬ ಪಟ್ಟಿಯನ್ನು ನಿಮಗೊಂದು, ಲೇಹ್‌ನ ಅತಿಥಿಗೃಹದವರಿಗೊಂದು ಕೊಟ್ಟು ಹೋಗಲು ಹೇಳಿ.

ಪ್ರಶ್ನೆ: ನನ್ನ ಹತ್ತಿರ ಬ್ಯಾಟರಿ ಮೌಂಟನ್ ಬೈಕ್ ಇದೆ. ವಿಮಾನದಲ್ಲಿ ಒಯ್ಯಬಹುದೇ? ಇಲ್ಲದಿದ್ದರೆ ಲೇಹ್‌ನಲ್ಲೇ ಬಾಡಿಗೆಗೆ ಪಡೆಯಲೇ?
– ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಉತ್ತರ: ಒಯ್ಯಲಾಗದು. ಪ್ರಯಾಣಿಕರ ವಿಮಾನದಲ್ಲಿ 160 ವಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಗೆ ಅವಕಾಶವಿಲ್ಲ. ಬ್ಯಾಟರಿ ಸೈಕಲ್ಲುಗಳದ್ದು ಸಾಮಾನ್ಯವಾಗಿ 400ರ ಮೇಲೆಯೇ ಇರುತ್ತದೆ. ಒಯ್ದರೂ ದಾರಿಯಲ್ಲಿ ಚಾರ್ಜ್ ಮಾಡಲು ಭರವಸೆಯ ಕರೆಂಟ್ ಇಲ್ಲ.

ಲೇಹ್‌ನಲ್ಲಿ ಬಾಡಿಗೆ ಸೈಕಲ್ ಸಿಗುತ್ತದೆ. ದಿನದ ಸವಾರಿಗೆ ಸರಿ. 450 ಕಿ.ಮೀ. ಸುತ್ತಿಗೆ ನಿಮ್ಮ ಮೈ ಅಳತೆಗೆ ಕೂತ ನಿಮ್ಮದೇ ಸೈಕಲ್ ಒಳ್ಳೆಯದು. ಮುಂದೆ ಶಾಕ್ ಇರುವ ಸಾದಾ ಹಾರ್ಡ್‌ಟೇಲ್ ಸಾಕು, ಹಿಂದಿನ ಶಾಕ್ ಕೆಟ್ಟರೆ ರಿಪೇರಿ ಮಾಡುವವರಿಲ್ಲ. ಟೈರು 2.2 ಅಂಗುಲಕ್ಕೆ ಕಡಿಮೆ ಬೇಡ. ಹಿಂದಿನ ದೊಡ್ಡ ಹಲ್ಲುಚಕ್ರ ಮುಂದಿನದಕ್ಕಿಂತ ದೊಡ್ಡದಿರಲಿ. ನಂದಿ ಬೆಟ್ಟದಲ್ಲಿ ನಿಮಗೆ ಹಗುರೆನಿಸಿದ ಗಿಯರ್ ಪೊಲೊ ಕೊಂಗ್ಕಾದಲ್ಲಿ ಭಾರವಾಗುತ್ತದೆ. ಲೇಹ್ ಬಿಟ್ಟ ಮೇಲೆ ಸೈಕಲ್ ಅಂಗಡಿಯಿಲ್ಲ. ಟ್ಯೂಬು ಎರಡು, ಪ್ಯಾಚ್, ಚೈನಿನ ಕೊಂಡಿ, ಬ್ರೇಕ್ ಪ್ಯಾಡ್, ನಾಲ್ಕಾರು ಕಡ್ಡಿ, ಗಿಯರ್ ತೂಗುವ ಹ್ಯಾಂಗರ್ ಇವು ಚೀಲದಲ್ಲಿರಲಿ. ಹ್ಯಾಂಗರ್ ಮಾತ್ರ ಮರೆಯಬೇಡಿ. ಪ್ರತಿ ಸೈಕಲ್ಲಿಗೂ ಅದರದ್ದೇ ಆಕಾರ, ಬೇರೆಯವರದ್ದು ಕೂರುವುದಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲಿ ಒಯ್ಯಿರಿ. ಒಲೆಯ ಗ್ಯಾಸ್ ಡಬ್ಬಿ ವಿಮಾನಕ್ಕೆ ಹಾಕುವಂತಿಲ್ಲ, ಲೇಹ್‌ನಲ್ಲಿ ಕೊಳ್ಳಿ.

ಪ್ರಶ್ನೆ: ನಮ್ಮೂರಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅವು ಮರಿ ಮಾಡುವ ಜಾಗಕ್ಕೆ ಸೈಕಲ್ಲಿನಲ್ಲಿ ಹೋಗಬೇಕೆಂಬುದು ಬಹಳ ದಿನದ ಬಯಕೆ. ತ್ಸೊ ಕಾರ್ ಸುತ್ತ ದಡದಲ್ಲೇ ಸೈಕಲ್ ಹೊಡೆಯಬಹುದೇ? ಡಾಂಬರು ಬಿಟ್ಟ ಮಣ್ಣುದಾರಿ ಎಲ್ಲೆಲ್ಲಿದೆ?
– ಶಾಲಾ ಶಿಕ್ಷಕ, ಗದಗ ಜಿಲ್ಲೆ

ಉತ್ತರ: ಮೇಷ್ಟ್ರೇ, ಈ ಸಲ ಬಂದ ಪತ್ರಗಳಲ್ಲಿ ನಿಮ್ಮದೇ ನನಗೆ ಹೆಚ್ಚು ಹಿಡಿಸಿದ್ದು. ಆ ಹೆಬ್ಬಾತುಗಳು ಮರಿ ಮಾಡುವ ನಾಡುಗಳು ಮಂಗೋಲಿಯಾ, ಟಿಬೆಟ್, ಲಡಾಖ್. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ತೊಡಿಸಿ ಬಿಟ್ಟವು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಭಾರತದೊಳಗೆ ಅವು ಗೂಡು ಕಟ್ಟುವ ಮುಖ್ಯ ತಾಣ ತ್ಸೊ ಮೊರಿರಿ. ಅದು 2002ರಲ್ಲಿ ಜವುಗು ನೆಲಗಳ ಜಾಗತಿಕ ರಾಮ್ಸಾರ್ ಪಟ್ಟಿಗೆ ಸೇರಿತು, ತ್ಸೊ ಕಾರ್ 2020ರಲ್ಲಿ, ನಿಮ್ಮ ಮಾಗಡಿ ಕೆರೆ 2024ರಲ್ಲಿ.

ತ್ಸೊ ಕಾರ್‌ನಲ್ಲಿರುವುದು ಒಂದಲ್ಲ, ಎರಡು ಸರೋವರ. ತೆಂಕಣದ ಚಿಕ್ಕದು ಸ್ಟಾರ್ತ್ಸಾಪುಕ್ ತ್ಸೊ, ಸಿಹಿನೀರು. ಅದು ಹರಿದು ಸೇರುವ ದೊಡ್ಡ ಸರೋವರ ಗಟ್ಟಿ ಉಪ್ಪು. ಅಲ್ಲಿಂದ ನೀರಿಗೆ ಹೊರದಾರಿಯಿಲ್ಲ. ಬಿಸಿಲಿಗೆ ನೀರು ಆವಿಯಾಗಿ ಉಪ್ಪು ದಡದಲ್ಲಿ ಬೆಳ್ಳಗೆ ಹಬ್ಬಿಕೊಳ್ಳುತ್ತದೆ. ಅಲೆಮಾರಿ ಚಾಂಗ್ಪಾ ಜನ ಹಿಂದೆ ಈ ಉಪ್ಪನ್ನು ಬಾಚಿ ಕುರಿಗಳ ಬೆನ್ನಿನ ಮೇಲೆ ಹೇರಿ ವ್ಯಾಪಾರಕ್ಕೆ ಒಯ್ಯುತ್ತಿದ್ದರು. ಸುತ್ತಲ ಬೆಟ್ಟಗಳ ಮೈಮೇಲೆ ಅಡ್ಡಡ್ಡ ಗೆರೆಗಳು ಕಾಣುತ್ತವೆ. ಸರೋವರ ಈಗಿನದಕ್ಕಿಂತ ಎಷ್ಟೋ ದೊಡ್ಡದಾಗಿದ್ದ ಕಾಲದ ದಡಗಳು ಅವು.

ಥುಕ್ಜೆ ಹಳ್ಳಿಯ ಬದಿಯಿಂದ ಸರೋವರದ ಆಚೆ ಈಚೆ ಮಣ್ಣಿನ ದಾರಿಗಳಿವೆ. ಕೊರ್ಜೋಕ್‌ಗೆ ಹೋಗುವ ದಾರಿಯ ಕೊನೆಯ ಭಾಗದಲ್ಲೂ, ಕೊರ್ಜೋಕ್‌ನಿಂದ ತೆಂಕಣಕ್ಕೆ ದಡದ ಗುಂಟ ಹೋಗುವ ದಾರಿಯಲ್ಲೂ ಮಣ್ಣು, ಮರಳು, ಜಲ್ಲಿ. ವರ್ಷ ವರ್ಷ ಡಾಂಬರು ಮುಂದಕ್ಕೆ ಬರುತ್ತಿದೆ, ಆದ್ದರಿಂದ ಹಳೆಯ ನಕ್ಷೆಗಳನ್ನು ಪೂರ್ತಿ ನಂಬಬೇಡಿ. ಒಣ ಜಲ್ಲಿಯ ಮೇಲೆ ಜೀಪುಗಳು ವೇಗವಾಗಿ ಓಡಿ ಓಡಿ ದಾರಿ ಮನೆಯ ಮಾಡಿನ ತಗಡಿನ ಹಾಗೆ ಸಾಲುಸಾಲು ಉಬ್ಬಿಕೊಂಡಿರುತ್ತದೆ. ಸೈಕಲ್ಲಿನ ಮೇಲೆ ಹಲ್ಲು ಕಟಕಟ, ಮೊಣಕೈ ಮರಗಟ್ಟುತ್ತದೆ. ಆಗ ಪಕ್ಕದ ನುಣುಪು ನೆಲ ಕರೆಯುತ್ತದೆ: ಇಳಿದುಬಿಡು, ಯಾರು ನೋಡುತ್ತಾರೆ?

ಇಳಿಯಬೇಡಿ. ನನ್ನ ಪ್ರಕಾರ ಈ ಇಡೀ ಸುತ್ತಿನಲ್ಲಿ ಮುರಿಯಲೇಬಾರದ ನಿಯಮ ಇದೊಂದು. ಅಲ್ಲಿ ವರ್ಷಕ್ಕೆ ಬೀಳುವ ಮಳೆ, ಹಿಮ ತೀರಾ ಸ್ವಲ್ಪ, ಹುಲ್ಲು ಬೆಳೆಯುವ ಕಾಲ ಎರಡು ಮೂರು ತಿಂಗಳು. ನೆಲದ ಮೇಲಿನ ತೆಳು ಪದರ ಒಮ್ಮೆ ಒಡೆದರೆ ಗಾಳಿ ಅದನ್ನು ಕಿತ್ತೊಯ್ಯುತ್ತದೆ. ಗಾಲಿಯ ಗುರುತು ವರ್ಷಗಟ್ಟಲೆ ಮಾಸುವುದಿಲ್ಲ, ಮುಂದಿನವನು ಅದನ್ನೇ ದಾರಿ ಅಂದುಕೊಳ್ಳುತ್ತಾನೆ. ಆ ಹುಲ್ಲಿನ ಮೇಲೆ ಚಾಂಗ್ಪಾಗಳ ಪಶ್ಮೀನಾ ಮೇಕೆ, ಕುರಿ, ಯಾಕ್‌ಗಳ ಬದುಕು ನಿಂತಿದೆ. ಸರೋವರದ ಅಂಚಿನ ಜವುಗು ನೆಲದಲ್ಲಿ ಕಪ್ಪುಕೊರಳಿನ ಕೊಕ್ಕರೆಯ ಗೂಡಿರುತ್ತದೆ. ಅದು ಲಡಾಖ್‌ನ ರಾಜ್ಯಪಕ್ಷಿ. ಭಾರತದಲ್ಲಿ ಅದು ಮರಿ ಮಾಡುವುದು ಲಡಾಖ್‌ನಲ್ಲಿ ಮಾತ್ರ. ಸಾಮಾನ್ಯವಾಗಿ ಎರಡೇ ಮೊಟ್ಟೆ. ಜನ ಹತ್ತಿರ ಹೋದರೆ ಹಕ್ಕಿ ಗೂಡು ಬಿಟ್ಟೇಳುತ್ತದೆ, ಹೊಂಚು ಹಾಕಿದ ನಾಯಿ ಮೊಟ್ಟೆ ಮುಗಿಸುತ್ತದೆ.

ಅಲೆಅಲೆ ದಾರಿಗೆ ಬೇರೆ ಮದ್ದಿದೆ. ಟೈರಿನ ಗಾಳಿ ತುಸು ಇಳಿಸಿ, ಸೀಟಿನಿಂದ ಒಂದಿಷ್ಟು ಮೇಲೆದ್ದು ಮೊಣಕಾಲು ಮೊಣಕೈ ಸಡಿಲ ಬಿಡಿ, ದಾರಿಯೊಳಗೇ ತೀರಾ ಅಂಚು ಹಿಡಿಯಿರಿ. ಆದರೂ ಆಗದಿದ್ದರೆ ಇಳಿದು ತಳ್ಳಿ. ದುರ್ಬೀನು ತರುತ್ತೀರಲ್ಲ, ಹಕ್ಕಿಗೆ ಅದೇ ಸಾಕು. ಕಿಯಾಂಗ್ ಎಂಬ ಕಾಡುಕತ್ತೆಗಳ ಹಿಂಡು ಕೆಲವೊಮ್ಮೆ ನಿಮ್ಮ ಸಮಕ್ಕೆ ಓಡಿಬರುತ್ತದೆ. ಬೆನ್ನಟ್ಟಬೇಡಿ, ಗೆಲ್ಲುವುದೂ ಇಲ್ಲ. ಡೇರೆ ಹಾಕುವುದಾದರೆ ದಡದಿಂದ ದೂರ, ಊರಿನವರು ತೋರಿಸಿದ ಜಾಗದಲ್ಲಿ. ಗೂಡಿನ ಹೆಬ್ಬಾತು ನೋಡಬೇಕಿದ್ದರೆ ಜೂನ್ ಕೊನೆ, ಜುಲೈನಲ್ಲಿ ಬನ್ನಿ. ದಾವಣಗೆರೆಯವರಿಗೆ ಹೇಳಿದ ಸೆಪ್ಟೆಂಬರ್ ನಿಮಗಲ್ಲ.

ಪ್ರಶ್ನೆ: ಊಟದ್ದೇ ಚಿಂತೆ. ಮೊಟ್ಟೆಯನ್ನೂ ತಿನ್ನದವನು ನಾನು. ಅನ್ನವಿಲ್ಲದೆ ಸೈಕಲ್ ತುಳಿಯಲಾರೆ!
– ಉಡುಪಿ

ಉತ್ತರ: ಅನ್ನ ಸಿಗುತ್ತದೆ, ಬೇಳೆಯೂ ಸಿಗುತ್ತದೆ, ಕುಕ್ಕರ್ ಇರುವ ಮನೆಗಳಲ್ಲಿ. 4,500 ಮೀಟರಿನಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಅಕ್ಕಿ ಎಷ್ಟು ಹೊತ್ತಾದರೂ ಗಟ್ಟಿ ಗಟ್ಟಿ. ನಿಮ್ಮ ಡೇರೆಯ ಒಲೆಯ ಮೇಲೆ ಅನ್ನದ ಆಸೆ ಬಿಡಿ. ಅವಲಕ್ಕಿ ಒಯ್ಯಿರಿ, ಬಿಸಿನೀರು ಹಾಕಿದರೆ ಆಯಿತು. ಚಟ್ನಿಪುಡಿ, ಶೇಂಗಾ ಉಂಡೆ, ಬೆಲ್ಲ, ಖರ್ಜೂರ. ಸ್ಥಳೀಯರು ತಿನ್ನುವ ತ್ಸಂಪಾ ಹುರಿದ ಬಾರ್ಲಿಯ ಹಿಟ್ಟು. ಬೆಣ್ಣೆ ಚಹಾದಲ್ಲಿ ಕಲಸಿ ಉಂಡೆ ಕಟ್ಟುತ್ತಾರೆ. ಅದನ್ನು ಅಭ್ಯಾಸ ಮಾಡಿಕೊಂಡರೆ ನೀವು ಗೆದ್ದಿರಿ. ಕೊರ್ಜೋಕ್‌ನಲ್ಲಿ ಮನೆಗಳಲ್ಲೇ ತಂಗಬಹುದು, ಊಟವೂ ಅಲ್ಲೇ. ದಾರಿಬದಿಯ ಡೇರೆ ಹೋಟೆಲುಗಳಲ್ಲಿ ಮ್ಯಾಗಿ, ದಾಲ್–ಚಾವಲ್, ಚಹಾ. ಎತ್ತರದಲ್ಲಿ ಹಸಿವು ಸಾಯುತ್ತದೆ, ಗಂಟೆಗೊಮ್ಮೆ ಹಟದಿಂದ ಏನಾದರೂ ಬಾಯಿಗೆ ಹಾಕಿಕೊಳ್ಳಿ. ತ್ಸೊ ಕಾರ್ ನೀರು ಕುಡಿಯುವಂಥದ್ದಲ್ಲ, ತ್ಸೊ ಮೊರಿರಿಯದ್ದೂ ಸಪ್ಪೆ ಉಪ್ಪು. ಊರುಗಳಲ್ಲಿ, ಬೆಟ್ಟದ ತೊರೆಗಳಲ್ಲಿ ತುಂಬಿಸಿ ಶುದ್ಧಿ ಮಾಡಿಕೊಳ್ಳಿ.

ಪ್ರಶ್ನೆ: ಅಮೆರಿಕದಲ್ಲಿದ್ದೇನೆ, ಓಸಿಐ ಕಾರ್ಡ್ ಇದೆ. ಭಾರತದಲ್ಲಿರುವ ತಮ್ಮನ ಜೊತೆ ಈ ಸುತ್ತು ಮಾಡುವ ಯೋಚನೆ. ಪರ್ಮಿಟ್ ಬೇಕೇ? ಸುರಕ್ಷತೆಗೆ ನನ್ನ ಸ್ಯಾಟಲೈಟ್ ಮೆಸೆಂಜರ್ ತರುತ್ತೇನೆ.
– ನ್ಯೂಜೆರ್ಸಿ

ಉತ್ತರ: ಮೊದಲು ಎರಡನೆಯದು: ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ. ಪರವಾನಗಿಯಿಲ್ಲದೆ ಉಪಗ್ರಹ ಫೋನು, ಉಪಗ್ರಹ ಸಂದೇಶ ಸಾಧನ ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ. ಗೊತ್ತಿಲ್ಲದೆ ತಂದ ವಿದೇಶಿ ಪ್ರವಾಸಿಗರನ್ನು ವಿಮಾನ ನಿಲ್ದಾಣದಲ್ಲೇ ಬಂಧಿಸಿದ್ದಿದೆ. ಗಡಿ ಪ್ರದೇಶದಲ್ಲಿ ಸಿಕ್ಕರೆ ಇನ್ನೂ ಕಷ್ಟ.

ಪರ್ಮಿಟ್ ನಿಮಗೆ ಬೇಕು, ತಮ್ಮನಿಗೆ ಬೇಡ. 2021ರ ಆಗಸ್ಟ್‌ನಲ್ಲಿ ಲಡಾಖ್ ಆಡಳಿತ ಭಾರತೀಯ ಪ್ರಜೆಗಳಿಗೆ ಇನ್ನರ್ ಲೈನ್ ಪರ್ಮಿಟ್ ತೆಗೆದುಹಾಕಿತು. ಪರಿಸರ ಶುಲ್ಕ ಕಟ್ಟಿ, ಗುರುತಿನ ಚೀಟಿ ಒಯ್ದರೆ ಸಾಕು. ಓಸಿಐ ಇದ್ದವರನ್ನು ಈ ವಿಷಯದಲ್ಲಿ ವಿದೇಶಿಯರ ಸಾಲಿನಲ್ಲೇ ಇಡುತ್ತಾರೆ. ಲೇಹ್‌ನ ನೋಂದಾಯಿತ ಪ್ರವಾಸ ಏಜೆಂಟರ ಮೂಲಕ ಪ್ರೊಟೆಕ್ಟೆಡ್ ಏರಿಯಾ ಪರ್ಮಿಟ್ ಮಾಡಿಸಿ, ಐದಾರು ನಕಲು ಇಟ್ಟುಕೊಳ್ಳಿ, ಮಾಹೆಯಂಥ ತಪಾಸಣೆ ಜಾಗಗಳಲ್ಲಿ ಕೇಳುತ್ತಾರೆ. ಗಡಿಯ ಪರಿಸ್ಥಿತಿ ನೋಡಿ ನಿಯಮ ಬದಲಾಗುತ್ತದೆ, ಹೊರಡುವ ವಾರ ಇನ್ನೊಮ್ಮೆ ವಿಚಾರಿಸಿ.

ಪ್ರಶ್ನೆ: ನಾಯಿ ಕಾಟ ಇದೆಯಾ ಸಾರ್?
– ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಇದೆ. ಸೇನಾ ಶಿಬಿರ, ಪ್ರವಾಸಿ ಡೇರೆಗಳ ಎಂಜಲು ತಿಂದು ಬೆಳೆದ ಬೀಡಾಡಿ ಹಿಂಡುಗಳು. ಓಡಿಸಿಕೊಂಡು ಪಾರಾಗುವ ಆಟ ಆ ಎತ್ತರದಲ್ಲಿ ನಡೆಯುವುದಿಲ್ಲ, ನಿಮ್ಮ ಉಸಿರು ಮೊದಲು ನಿಲ್ಲುತ್ತದೆ. ಇಳಿಯಿರಿ, ಸೈಕಲ್ ನಡುವೆ ಇಟ್ಟುಕೊಳ್ಳಿ, ಬಗ್ಗಿ ಕಲ್ಲು ಎತ್ತಿದಂತೆ ಮಾಡಿ, ನಿಧಾನ ನಡೆಯಿರಿ. ಕಚ್ಚಿದರೆ ಸೋಪು ಹಾಕಿ ಕಾಲು ಗಂಟೆ ತೊಳೆದು ಲೇಹ್‌ಗೆ ಹೊರಡಿ. ಸುತ್ತು ಅಲ್ಲಿಗೆ ಮುಗಿಯಿತು. ರೇಬಿಸ್ ಲಸಿಕೆಯನ್ನು ಮುಂಚೆಯೇ ಹಾಕಿಸಿಕೊಂಡು ಹೋಗುವುದು ಜಾಣತನ.

ಪ್ರಶ್ನೆ: ನಮ್ಮೂರಿನಲ್ಲಿ ಕೂತು ಹಾನ್ಲೆಯ ದೂರದರ್ಶಕವನ್ನು ನಡೆಸುತ್ತಾರೆ. ಸೈಕಲ್ಲಿನಲ್ಲಿ ಹಾನ್ಲೆಗೂ, ಅಲ್ಲಿಂದ ಉಮ್ಲಿಂಗ್ ಲಾಗೂ ಹೋಗಬಹುದೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಹೊಸಕೋಟೆ

ಉತ್ತರ: ಹೌದು, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕ ಇರುವುದು ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಿಮ್ಮ ಹೊಸಕೋಟೆಯ ಕೇಂದ್ರದಿಂದ. ಮಾಹೆಯಿಂದ ಕೊರ್ಜೋಕ್ ಕಡೆ ತಿರುಗದೆ ಸಿಂಧೂ ಗುಂಟ ನ್ಯೋಮಾ, ಲೋಮಾ ದಾಟಿದರೆ ಹಾನ್ಲೆ. ಮೊದಲ ಪತ್ರದ ಸುತ್ತಿಗೆ ಇದನ್ನು ಸೇರಿಸುವುದಾದರೆ ಇನ್ನೊಂದು ವಾರ ಬೇಕು. ಅಲ್ಲಿ 2022ರಿಂದ ಕತ್ತಲ ಆಕಾಶ ಸಂರಕ್ಷಿತ ಪ್ರದೇಶವಿದೆ. ರಾತ್ರಿ ಸೈಕಲ್ಲಿನ ಬಿಳಿ ದೀಪ ಆರಿಸಿ, ತಲೆದೀಪಕ್ಕೆ ಕೆಂಪು ಬೆಳಕು ಹಾಕಿಕೊಳ್ಳಿ. ಖಗೋಳ ಓದುವವರಿಗೆ ಇದನ್ನು ನಾನು ಹೇಳಬೇಕಿಲ್ಲ!

ಉಮ್ಲಿಂಗ್ ಲಾ 5,798 ಮೀಟರ್. ಗಾಳಿ ಸಮುದ್ರಮಟ್ಟದ ಅರ್ಧಕ್ಕೂ ಕಡಿಮೆ. ಹಾನ್ಲೆಯಲ್ಲಿ ಎರಡು ಮೂರು ರಾತ್ರಿ ಚೆನ್ನಾಗಿ ನಿದ್ದೆ ಬಂದಿದ್ದರೆ, ಹಿಂದೆ ಗಾಡಿಯೊಂದು ಬರುತ್ತಿದ್ದರೆ ಪ್ರಯತ್ನಿಸಿ. ಸೈಕಲ್ಲಿಗೆ ಬ್ಯಾಗು ಕಟ್ಟಿ ಒಬ್ಬರೇ ಹೋಗುವ ಜಾಗವಲ್ಲ.

ಪ್ರಶ್ನೆ: ತ್ಸೊ ಮೊರಿರಿಯ ತೆಂಕಣ ತುದಿಯಿಂದ ಪರಾಂಗ್ ಲಾ ದಾಟಿದರೆ ನೇರ ಸ್ಪಿತಿಯ ಕಿಬ್ಬರ್‌ಗೆ ಇಳಿಯಬಹುದಂತೆ. ಬಂದ ದಾರಿಯಲ್ಲೇ ವಾಪಸಾಗುವ ಬದಲು ಇದನ್ನು ಮಾಡಿದರೆ ಹೇಗೆ?
– ಸೈಕಲ್ ಬಳಗ, ಮಂಗಳೂರು

ಉತ್ತರ: ನಕ್ಷೆಯಲ್ಲಿ ಚಂದ ಕಾಣುತ್ತದೆ. ಆದರೆ ಅದು ಚಾರಣದ ದಾರಿ. ಘಾಟಿ 5,500 ಮೀಟರ್ ಮೀರಿದ್ದು, ನೆತ್ತಿಯಲ್ಲಿ ಹಿಮನದಿ, ಮಧ್ಯೆ ಸೇತುವೆಯಿಲ್ಲದ ಹೊಳೆಗಳು. ಹಿಮ ಕರಗಿ ಮಧ್ಯಾಹ್ನಕ್ಕೆ ಹೊಳೆಯ ನೀರು ಏರುತ್ತದೆ, ದಾಟುವುದಿದ್ದರೆ ಬೆಳಗಿನ ಜಾವವೇ ದಾಟಬೇಕು. ದಿನಗಟ್ಟಲೆ ಊರಿಲ್ಲ, ಫೋನಿಲ್ಲ, ಹೊತ್ತೊಯ್ಯಲು ಗಾಡಿಯಿಲ್ಲ. ನೀವು ಸೈಕಲ್ ಓಡಿಸುವುದಕ್ಕಿಂತ ಸೈಕಲ್ಲನ್ನು ಹೊರುವುದೇ ಹೆಚ್ಚು. ಕುದುರೆಯವರು, ಮಾರ್ಗದರ್ಶಕರು, ಹಿಮದ ಮೇಲೆ ನಡೆದ ಅನುಭವ ಮೂರೂ ಇದ್ದರೆ ಸೈಕಲ್ ಬಿಟ್ಟು ಚಾರಣಕ್ಕೆ ಹೋಗಿ. ಸೈಕಲ್ ಬೇಕೇ ಬೇಕೆಂದರೆ ಪುಗಾ, ಪೊಲೊ ಕೊಂಗ್ಕಾ, ತ್ಸೊ ಕಾರ್ ದಾರಿಯೇ ಸರಿ.